ಔತಣವೂ ಮುಯ್ಯಿಯೂ

ಮನೆಗೆ ನಾಲ್ಕು ಜನರನ್ನು ಕರೆದು ಊಟ ಹಾಕುವುದು ನಮ್ಮಲ್ಲಿ ಯಾರಿಗೂ ಹೊಸದಲ್ಲ. ಊರು ಬಿಟ್ಟು ಬಂದು ಈ ಮಹಾನಗರದಲ್ಲಿ ನೆಲೆಸಿರುವ ನಮಗಂತೂ ಅದು ಊಟಕ್ಕಿಂತ ಹೆಚ್ಚಿನದು. ಅಂದು ಒಂದು ಸಂಜೆಯ ಮಟ್ಟಿಗೆ ಮನೆಯಲ್ಲಿ ಕನ್ನಡ ಗಟ್ಟಿಯಾಗಿ ಕೇಳಿಸುತ್ತದೆ. ದೊಡ್ಡಪ್ಪ, ಚಿಕ್ಕಮ್ಮ ಎಂದು ಕರೆಯಲು ಮಕ್ಕಳಿಗೆ ನಾಲ್ಕು ಜನ ಸಿಗುತ್ತಾರೆ. ಆದ್ದರಿಂದ, ಔತಣವನ್ನು ಹೇಗೆ ಏರ್ಪಡಿಸಿದರೆ ಅದು ಬಂದವರ ನೆನಪಿನಲ್ಲಿ ಉಳಿದೀತು ಎಂಬುದನ್ನು ಕುರಿತು ಒಂದೆರಡು ಮಾತು ಬರೆಯೋಣವೆಂದು ಕುಳಿತೆವು. ಬರೆಯುತ್ತ ಹೋದಂತೆ ಅಡುಗೆಯ ಪಟ್ಟಿಗಿಂತ ಕರೆಯಬೇಕಾದವರ ಪಟ್ಟಿಯೇ ನಮ್ಮನ್ನು ಹೆಚ್ಚು ಕಾಡಿತು. ಆ ಕಾಟವನ್ನೇ ಓದುಗರ ಮುಂದೆ ಇಡುತ್ತಿದ್ದೇವೆ.

ಮೊದಲು ನಮ್ಮ ತಪ್ಪಿನಿಂದಲೇ ಆರಂಭಿಸುವುದು ಮೇಲು. ಕಳೆದ ವರ್ಷ ಮಗಳು ಹತ್ತನೆಯ ತರಗತಿ ಮುಗಿಸಿದಾಗ ಒಂದು ಸಣ್ಣ ಔತಣ ಮಾಡುವುದೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದೆವು. ನಮ್ಮದು ವೇಳಚ್ಚೇರಿಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಎರಡು ಕೋಣೆ, ಒಂದು ನಡುಮನೆ, ಒಬ್ಬರು ನಿಂತರೆ ಇನ್ನೊಬ್ಬರು ತಿರುಗಲಾರದ ಅಡುಗೆಮನೆ. ಇಪ್ಪತ್ತೆರಡು ಜನಕ್ಕಿಂತ ಹೆಚ್ಚು ಕರೆಯುವ ಹಾಗಿಲ್ಲ. ಪಟ್ಟಿ ಮಾಡಲು ಹಳೆಯ ನೋಟ್‌ಬುಕ್ಕು ತೆಗೆದೆವು. ಹಗಲೆಲ್ಲ ಕಚೇರಿಯಲ್ಲಿ ಬಂದ ಕಾಗದ, ಹೋದ ಕಾಗದ ಬರೆದಿಡುವ ಕೈ ಮನೆಗೆ ಬಂದರೂ ಸುಮ್ಮನಿರುವುದಿಲ್ಲ. ಯಾರ ಮನೆಗೆ ನಾವು ಯಾವಾಗ ಹೋದೆವು, ಏನು ಕೊಟ್ಟೆವು, ಅವರು ನಮ್ಮಲ್ಲಿಗೆ ಯಾವಾಗ ಬಂದರು, ಏನು ತಂದರು, ಎಲ್ಲಕ್ಕೂ ಒಂದೊಂದು ಕಾಲಂ ಎಳೆದಿಟ್ಟಿದ್ದೇವೆ.

ಒಂದು ಹೆಸರಿನ ಮುಂದೆ ಪೆನ್ನು ನಿಂತಿತು. ನಮ್ಮ ಕಚೇರಿಯ ಕಿರಿಯ ಸಹೋದ್ಯೋಗಿ, ಹಾಸನದ ಕಡೆಯವರು. ಟ್ರಿಪ್ಲಿಕೇನಿನ ಮ್ಯಾನ್ಷನ್ನೊಂದರಲ್ಲಿ ಒಂದು ಕೋಣೆ, ಮೆಸ್ಸಿನಲ್ಲಿ ಊಟ, ಸಂಬಳದ ಅರ್ಧ ಊರಿನಲ್ಲಿರುವ ತಾಯಿಗೆ. ನಾಲ್ಕು ಸಲ ನಮ್ಮಲ್ಲಿ ಉಂಡಿದ್ದಾರೆ. ಎದುರಿನ ಕಾಲಂ ಖಾಲಿ. ‘ಇವರು ಒಂದು ಸಲವೂ ನಮ್ಮನ್ನು ಕರೆಯಲಿಲ್ಲವಲ್ಲ’ ಎಂದುಕೊಂಡೆವು. ಒಂದು ಮಂಚ, ಒಂದು ಕುರ್ಚಿ ಇರುವ ಕೋಣೆಯಲ್ಲಿ ಆ ಮನುಷ್ಯ ನಮ್ಮ ಐವರನ್ನು ಎಲ್ಲಿ ಕೂರಿಸಿಯಾರು ಎಂದು ಆ ಕ್ಷಣಕ್ಕೆ ಯಾರಿಗೂ ಹೊಳೆಯಲಿಲ್ಲ. ಮೇಲಾಗಿ ಕಳೆದ ಎರಡು ಸಲ ಕರೆದಾಗಲೂ ಅವರೇ ಏನೋ ನೆಪ ಹೇಳಿ ತಪ್ಪಿಸಿಕೊಂಡಿದ್ದರು. ಹೆಸರು ಹೊಡೆದುಹಾಕಿದೆವು. ರಾತ್ರಿ ಮಗಳು ಪಟ್ಟಿ ನೋಡಿ, ‘ಆ ಅಂಕಲ್ ಯಾಕೆ ಬರ್ತಿಲ್ಲ?’ ಎಂದು ಕೇಳಿದಾಗ ನಮ್ಮ ಬಳಿ ಹೇಳಿಕೊಳ್ಳುವಂಥ ಉತ್ತರ ಇರಲಿಲ್ಲ.

ಈಗ ಪ್ರಶ್ನೆ ಇಷ್ಟೆ. ಆತಿಥ್ಯಕ್ಕೆ ಲೆಕ್ಕ ಇಡುವುದು ತಪ್ಪೇ?

ತಪ್ಪೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸುಲಭ. ಆದರೆ ನಮ್ಮ ಹಿರಿಯರು ಹಾಗೆ ಹೇಳಲಿಲ್ಲ. ಮದುವೆ ಮನೆಯಲ್ಲಿ ಮುಯ್ಯಿ ಮಾಡುವ ಪದ್ಧತಿ ನಮ್ಮೂರುಗಳಲ್ಲಿ ಇಂದಿಗೂ ಇದೆ. ಇಂದು ನಿಮ್ಮ ಮಗಳ ಮದುವೆಗೆ ನಾವು ಕೊಟ್ಟದ್ದು ನಾಳೆ ನಮ್ಮ ಮಗನ ಮದುವೆಗೆ ಹಿಂದಿರುಗಿ ಬರುತ್ತದೆ. ನಮ್ಮ ತಮಿಳು ನೆರೆಹೊರೆಯವರು ಇದನ್ನು ‘ಮೊಯ್’ ಎನ್ನುತ್ತಾರೆ. ಕಲ್ಯಾಣ ಮಂಟಪದಲ್ಲಿ ಮೇಜು ಹಾಕಿಕೊಂಡು ಕೂತವರು ಹೆಸರು, ಊರು, ಮೊತ್ತ ಬರೆದುಕೊಳ್ಳುವುದನ್ನು ನಾವೆಲ್ಲ ಇಲ್ಲಿ ನೋಡಿದ್ದೇವೆ. ಪುದುಕ್ಕೋಟೈ, ತಂಜಾವೂರು ಜಿಲ್ಲೆಗಳ ಕೆಲವು ಕಡೆ ಇದು ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಮೊಯ್ ವಿರುಂದು’ ಆಗಿದೆ. ಮದುವೆ, ಮುಂಜಿ ಯಾವುದೂ ಇಲ್ಲದೆ, ಆಡಿ ತಿಂಗಳ ಸುಮಾರಿಗೆ, ಹಣ ಬೇಕಾದವರು ಊರಿಗೆ ಊಟ ಹಾಕುತ್ತಾರೆ. ಉಂಡವರು ತಮ್ಮ ಕೈಲಾದ ಹಣ ಬರೆಸಿ ಹೋಗುತ್ತಾರೆ. ಮುಂದೆ ಅವರು ಊಟ ಹಾಕಿದ ದಿನ ಇವರು ಆ ಹಣವನ್ನೂ ಅದರ ಮೇಲೆ ಸ್ವಲ್ಪವನ್ನೂ ಸೇರಿಸಿ ಸಲ್ಲಿಸಬೇಕು. ಬ್ಯಾಂಕಿನ ಬಾಗಿಲು ತೆರೆಯದವರಿಗೆ ಇದು ನೆರವಿನ ಬಾಗಿಲು.

ಸರ್ಕಾರಗಳೂ ಮುಯ್ಯಿ ಮಾಡುತ್ತವೆ. ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆ ಹದಿನೆಂಟು ವರ್ಷ ಮುಸುಕಿನೊಳಗೇ ನಿಂತಿತ್ತು. 2009ರ ಆಗಸ್ಟ್ ತಿಂಗಳಲ್ಲಿ ಅದರ ಮುಸುಕು ತೆಗೆದರು. ಅದೇ ತಿಂಗಳು ನಮ್ಮ ಚೆನ್ನೈನ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣವಾಯಿತು. ಅಲ್ಲೊಬ್ಬರು, ಇಲ್ಲೊಬ್ಬರು, ಲೆಕ್ಕ ಸರಿಯಾಯಿತು. ಇದನ್ನು ಯಾರೂ ಸಣ್ಣತನ ಎನ್ನಲಿಲ್ಲ. ನಾವೂ ಅಯನಾವರಕ್ಕೆ ಹೋಗಿ ಕೈಮುಗಿದು ಬಂದೆವು.

ಹೀಗಾಗಿ ಲೆಕ್ಕವೇ ಪಾಪ ಎನ್ನಲು ನಮಗೆ ಮನಸ್ಸಿಲ್ಲ. ಉಂಡದ್ದನ್ನು ಮರೆಯಬಾರದು ಎನ್ನುವವರೇ ಲೆಕ್ಕವನ್ನು ಕಂಡುಹಿಡಿದಿರಬೇಕು. ಆದರೆ ಕನ್ನಡದಲ್ಲಿ ಒಂದು ವಿಚಿತ್ರವಿದೆ. ಮುಯ್ಯಿ ಎಂದರೆ ಹಿಂದಿರುಗಿಸುವ ಉಡುಗೊರೆ. ಮುಯ್ಯಿ ತೀರಿಸಿಕೊಳ್ಳುವುದು ಎಂದರೆ ಸೇಡು. ಪ್ರೀತಿಗೂ ಹಗೆಗೂ ನಮ್ಮ ಜನ ಒಂದೇ ಮಾತನ್ನು ಇಟ್ಟುಕೊಂಡಿದ್ದಾರೆ. ನಾವು ಪಡೆದದ್ದನ್ನು ನೆನಪಿಡಲು ಬರೆದ ಲೆಕ್ಕ ಕೃತಜ್ಞತೆ. ನಾವು ಕೊಟ್ಟದ್ದನ್ನು ನೆನಪಿಡಲು ಬರೆದ ಲೆಕ್ಕ ನಿಧಾನವಾಗಿ ಎರಡನೆಯ ಅರ್ಥದ ಕಡೆಗೆ ಜಾರುತ್ತದೆ. ನಮ್ಮ ನೋಟ್‌ಬುಕ್ಕಿನಲ್ಲಿ ಎರಡೂ ಕಾಲಂ ಇದ್ದವು. ಆ ದಿನ ನಮ್ಮ ಕಣ್ಣು ಹೋದದ್ದು ಎರಡನೆಯದರ ಮೇಲೆ.

ಇದಕ್ಕೆ ಎದುರಾಗಿ ನಮ್ಮ ಶಾಸ್ತ್ರಗಳ ಮಾತು ಎಲ್ಲರಿಗೂ ತಿಳಿದದ್ದೇ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಗುರು ಶಿಷ್ಯನನ್ನು ಬೀಳ್ಕೊಡುವಾಗ ತಾಯಿ, ತಂದೆ, ಆಚಾರ್ಯರ ಸಾಲಿನಲ್ಲೇ ಅತಿಥಿಯನ್ನೂ ನಿಲ್ಲಿಸಿದ್ದಾನೆ. ಮನೆಗೆ ಬಂದವರನ್ನು ಬಾಯಿತುಂಬ ವಿಚಾರಿಸಿಕೊಂಡರೆ ಯಾರ ಸಿರಿಯೂ ಕರಗುವುದಿಲ್ಲ ಎಂಬ ಅರ್ಥದಲ್ಲಿ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲೇ ನಮ್ಮನ್ನು ಗದರಿಸಿದ್ದಾರೆ. ತಿಥಿ ಗೊತ್ತುಮಾಡದೆ ಬರುವವನೇ ಅತಿಥಿ ಎಂದು ಹಿರಿಯರು ಅರ್ಥ ಹೇಳುತ್ತಾರೆ.

ಆದರೆ ತಿಥಿಯಿಲ್ಲದೆ ಬಂದವರನ್ನು ಈ ಊರಿನಲ್ಲಿ ಸತ್ಕರಿಸುವುದು ಹೇಗೆ? 2019ರ ಬೇಸಿಗೆಯನ್ನು ನೆನೆದುಕೊಳ್ಳಿ. ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಕೆರೆಗಳು ಬತ್ತಿದ್ದವು. ಜುಲೈ 12ರಂದು ಜೋಲಾರ್‌ಪೇಟೆಯಿಂದ 50 ವ್ಯಾಗನ್ನುಗಳಲ್ಲಿ 25 ಲಕ್ಷ ಲೀಟರ್ ನೀರು ರೈಲಿನಲ್ಲಿ ಬಂತು. ಕಾವೇರಿಯೇ ರೈಲು ಹತ್ತಿ ಬಂದಳು. ಆಗ ಬಂದವರಿಗೆ ಕಾಲು ತೊಳೆಯಲು ನೀರು ಕೊಡುವುದಿರಲಿ, ಊಟವಾದ ಮೇಲೆ ತಟ್ಟೆ ತೊಳೆಯಲೂ ಯೋಚಿಸಬೇಕಾಗಿತ್ತು. ಹೀಗಾಗಿ ಮಹಾನಗರದ ಗೃಹಸ್ಥ ತಿಥಿ ಗೊತ್ತುಮಾಡುತ್ತಾನೆ, ತಲೆ ಎಣಿಸುತ್ತಾನೆ. ಅದು ತಪ್ಪಲ್ಲ. ಎಣಿಸುವಾಗ ಯಾವ ಅಳತೆಗೋಲು ಹಿಡಿಯುತ್ತೇವೆ ಎಂಬುದಷ್ಟೇ ಪ್ರಶ್ನೆ.

ನಾವು ಕೇಂದ್ರ ಸರ್ಕಾರದ ನೌಕರರು. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳಿಗೆ ಒಳಪಟ್ಟವರು. ಅದರ 13ನೆಯ ನಿಯಮ ಉಡುಗೊರೆಗಳನ್ನು ಕುರಿತದ್ದು. ಅಪರೂಪಕ್ಕೆ ಒಂದು ಹೊತ್ತಿನ ಊಟವನ್ನು ಉಡುಗೊರೆಯೆಂದು ಎಣಿಸಬೇಕಾಗಿಲ್ಲ ಎಂದು ಅದು ಹೇಳುತ್ತದೆ. ಆದರೆ ನಮ್ಮ ಕಚೇರಿಯೊಡನೆ ವ್ಯವಹಾರವಿರುವವರಿಂದ ಭಾರಿ ಔತಣ, ಪದೇಪದೇ ಔತಣ ಸ್ವೀಕರಿಸಬಾರದು ಎಂದೂ ಎಚ್ಚರಿಸುತ್ತದೆ. ನಿಯಮ ಬರೆದವರು ಮನುಷ್ಯಸ್ವಭಾವ ಬಲ್ಲವರು. ಅನ್ನಕ್ಕೆ ಭಾರವಿದೆ, ಉಂಡವನ ಹೆಗಲ ಮೇಲೆ ಅದು ಕೂರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನಾವು ನಿಯಮವನ್ನು ಕಚೇರಿಗೆ ಮಾತ್ರ ಎಂದು ತಿಳಿದಿದ್ದೆವು. ಮನೆಯಲ್ಲಿ ನಾವೇ ಇನ್ನೊಬ್ಬರ ಹೆಗಲ ಮೇಲೆ ಭಾರ ಇಡುತ್ತಿರಬಹುದೆಂದು ಯೋಚಿಸಿರಲಿಲ್ಲ.

ಮಗಳು ಕೇಳಿದ ಮಾತು ಮನಸ್ಸಿನಲ್ಲೇ ಉಳಿದಿತ್ತು. ಮರುದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಆ ಸಹೋದ್ಯೋಗಿಯನ್ನು ನೇರವಾಗಿಯೇ ಕೇಳಿದೆವು, ಈಚೆಗೆ ಮನೆಗೆ ಬರುವುದನ್ನು ಬಿಟ್ಟದ್ದೇಕೆ ಎಂದು. ಮೊದಲು ನಕ್ಕು ಮಾತು ಹಾರಿಸಿದರು. ಬಿಡದೆ ಕೇಳಿದಾಗ ಹೇಳಿದರು: ‘ಬೇಜಾರು ಮಾಡ್ಕೋಬೇಡಿ ಸಾರ್. ನಿಮ್ಮನೆಗೆ ಬಂದ್ರೆ ನಂಗೆ ಕೆಲಸಾನೇ ಇರಲ್ಲ. ಕುರ್ಚಿ ಕೊಡ್ತೀರಿ, ಬಡಿಸ್ತೀರಿ, ಹೊರಡುವಾಗ ಡಬ್ಬಿ ಕಟ್ಟಿ ಕೊಡ್ತೀರಿ. ಒಂದ್ಸಲ ಅಮ್ಮ ಮಾಡಿದ ನಿಪ್ಪಟ್ಟು ತಂದಿದ್ದೆ. ಮೂರು ತಿಂಗಳಾದ್ಮೇಲೆ ಬಂದಾಗ್ಲೂ ಆ ಪೊಟ್ಟಣ ಫ್ರಿಜ್ ಮೇಲೇ ಇತ್ತು. ದಾರದ ಗಂಟೂ ಬಿಚ್ಚಿರಲಿಲ್ಲ.’

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ನಮಗೆ ಆ ಪೊಟ್ಟಣ ಚೆನ್ನಾಗಿ ನೆನಪಿತ್ತು. ಅಂದು ಅಂಗಡಿಯಿಂದ ತರಿಸಿದ ಸಿಹಿಖಾರ ಮೇಜಿನ ತುಂಬ ಇತ್ತು. ಇದನ್ನೂ ಯಾಕೆ ಬಿಚ್ಚುವುದು, ನಾಳೆ ನೋಡೋಣ ಎಂದು ಮೇಲಿಟ್ಟೆವು, ಮರೆತೆವು. ತಿರುಕ್ಕುರಳಿನ ಒಂಬತ್ತನೆಯ ಅಧಿಕಾರ ಪೂರ್ತಿ ಅತಿಥಿಸತ್ಕಾರವನ್ನು ಕುರಿತದ್ದು. ಅದರ ಕೊನೆಯ ಪದ್ಯದಲ್ಲಿ ಅನಿಚ್ಚಂ ಎಂಬ ಹೂವಿನ ಮಾತು ಬರುತ್ತದೆ. ಆ ಹೂ ಮೂಸಿದರೆ ಬಾಡುತ್ತದಂತೆ. ಅತಿಥಿಯಾದರೋ ಮನೆಯವರ ಮುಖ ಕೊಂಚ ಬದಲಾದರೆ ಸಾಕು, ಬಾಡುತ್ತಾನೆ ಎಂಬುದು ವಳ್ಳುವರ್ ಹೇಳಿದ ಮಾತಿನ ಸಾರ. ನಮ್ಮ ಮುಖ ಅಂದು ಬದಲಾಗಿರಲಿಲ್ಲ, ನಗುನಗುತ್ತಲೇ ಇದ್ದೆವು. ಪೊಟ್ಟಣ ಫ್ರಿಜ್ಜಿನ ಮೇಲೆ ಹೋದದ್ದೇ ಸಾಕಾಯಿತು.

ಕೊಡುವುದೊಂದೇ ಸದ್ಗುಣವೆಂದು ನಾವು ನಂಬಿಕೊಂಡಿದ್ದೆವು. ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮಾಸ್ 1925ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ, ಉಡುಗೊರೆಯ ವಿಷಯದಲ್ಲಿ ಹಳೆಯ ಸಮಾಜಗಳು ಮೂರು ಕರ್ತವ್ಯಗಳನ್ನು ಗುರುತಿಸಿದ್ದವು ಎನ್ನುತ್ತಾನೆ: ಕೊಡುವುದು, ಪಡೆಯುವುದು, ಹಿಂದಿರುಗಿಸುವುದು. ನಮ್ಮಂಥವರು ತಪ್ಪುವುದು ನಡುವಿನದರಲ್ಲಿ. ಪಡೆಯಲಾರದವನು ಎಷ್ಟು ಕೊಟ್ಟರೂ ಅದು ಉಪಕಾರವಾಗುತ್ತದೆಯೇ ಹೊರತು ಸ್ನೇಹವಾಗುವುದಿಲ್ಲ. ಸದಾ ಉಪಕಾರ ಹೊತ್ತು ಕೂರಲು ಮಾನವಂತ ಯಾರೂ ಒಪ್ಪುವುದಿಲ್ಲ. ಅತಿಥಿಯನ್ನು ದೇವರೆಂದು ಪೂಜಿಸಿ ಮೂಲೆಯ ಕುರ್ಚಿಯಲ್ಲಿ ಪ್ರತಿಷ್ಠಾಪಿಸಿಬಿಡುವುದರಲ್ಲಿ ಈ ಅಪಾಯವಿದೆ. ದೇವರಾದರೂ ನೈವೇದ್ಯ ಮುಟ್ಟಿ ಪ್ರಸಾದವಾಗಿ ಹಿಂದಕ್ಕೆ ಕೊಡುತ್ತಾನೆ.

ನಾಚಿಕೆಯ ಮಾತೆಂದರೆ, ಈ ಪಾಠ ನಮಗೆ ಹೊಸದಾಗಿರಲಿಲ್ಲ. 2015ರ ಡಿಸೆಂಬರಿನಲ್ಲಿ ಒಮ್ಮೆ ಕಲಿತು ಮರೆತಿದ್ದೆವು. ಆ ತಿಂಗಳ 5ನೆಯ ತಾರೀಖು ಶನಿವಾರ ನಮ್ಮ ಮದುವೆಯ ಹತ್ತನೆಯ ವರ್ಷದ ಔತಣವೆಂದು ಗೊತ್ತಾಗಿತ್ತು. ಅಕ್ಕಿ, ತೊಗರಿಬೇಳೆ, ತುಪ್ಪ, ಊರಿನಿಂದ ತರಿಸಿದ ಬಿಸಿಬೇಳೆ ಪುಡಿ ಎಲ್ಲ ಮನೆಗೆ ಬಂದಿತ್ತು. ಡಿಸೆಂಬರ್ 1ರ ಮಳೆ ಯಾರಿಗೆ ಮರೆತೀತು? ಅಡ್ಯಾರ್ ನದಿ ಉಕ್ಕಿತು, ನಮ್ಮ ವೇಳಚ್ಚೇರಿ ಕೆರೆಯಂತಾಯಿತು. 1878ರಲ್ಲಿ ಆರಂಭವಾದ ‘ದಿ ಹಿಂದೂ’ ಪತ್ರಿಕೆ ಮರುದಿನ ಚೆನ್ನೈನಲ್ಲಿ ಅಚ್ಚಾಗಲಿಲ್ಲ. ರಾತ್ರಿ ಕೆಳಮನೆಗೆ ನೀರು ನುಗ್ಗಿ ಅಲ್ಲಿನ ತಮಿಳು ಕುಟುಂಬದ ನಾಲ್ವರು ಮೆಟ್ಟಿಲು ಹತ್ತಿ ನಮ್ಮಲ್ಲಿಗೆ ಬಂದರು. ಮೂರು ವರ್ಷದಿಂದ ಒಂದೇ ಮೆಟ್ಟಿಲು ತುಳಿಯುತ್ತಿದ್ದರೂ ನಾವು ಅವರನ್ನು ಒಂದು ಔತಣಕ್ಕೂ ಕರೆದಿರಲಿಲ್ಲ. ನಮ್ಮ ಔತಣವೆಂದರೆ ಕನ್ನಡದವರದು ಎಂಬ ಭಾವನೆ. ಪ್ರತಿ ಸಲವೂ ನಮ್ಮ ನೆಂಟರ ಚಪ್ಪಲಿಗಳು ಮಾತ್ರ ಅವರ ಬಾಗಿಲಿನವರೆಗೆ ಇಳಿದಿರುತ್ತಿದ್ದವು.

ಅವರು ಬರಿಗೈಯಲ್ಲಿ ಬರಲಿಲ್ಲ. ಆ ಅಕ್ಕ ತಲೆಯ ಮೇಲೆ ಇಡ್ಲಿ ಹಿಟ್ಟಿನ ಪಾತ್ರೆ ಹೊತ್ತಿದ್ದರು. ಅವರ ಯಜಮಾನರು ಮೊಣಕಾಲು ನೀರಿನಲ್ಲಿ ಗ್ಯಾಸ್ ಸಿಲಿಂಡರನ್ನು ಎತ್ತಿ ತಂದರು. ಎರಡನೆಯ ದಿನ ನಮ್ಮ ಸಿಲಿಂಡರು ಮುಗಿಯಿತು. ಆಮೇಲೆ ಔತಣಕ್ಕೆಂದು ತಂದ ನಮ್ಮ ಅಕ್ಕಿ ಬೇಳೆ ಅವರ ಗ್ಯಾಸಿನಲ್ಲಿ ಬೆಂದಿತು. ಕರೆಂಟಿಲ್ಲ, ಫೋನಿಲ್ಲ, ಮೇಣದ ಬತ್ತಿಯ ಬೆಳಕಿನಲ್ಲಿ ನಮ್ಮ ಹರಕುಮುರುಕು ತಮಿಳು, ಅವರ ಹೊಸ ಕನ್ನಡ. ನಾಲ್ಕು ದಿನ ಒಂಬತ್ತು ಜನ ಉಂಡೆವು. ಮನೆ ನಮ್ಮದು, ಒಲೆ ಉರಿದದ್ದು ಅವರಿಂದ. ಯಾರು ಅತಿಥಿ, ಯಾರು ಆತಿಥೇಯರು ಎಂದು ಯಾರೂ ಕೇಳಲಿಲ್ಲ. ನಮ್ಮ ಕನ್ನಡದ ‘ನೆಂಟ’ ಎಂಬ ಮಾತಿನ ಸೊಗಸು ಆಗ ತಿಳಿಯಿತು. ಅವರು ನಮಗೆ ನೆಂಟರಾದರೆ ನಾವೂ ಅವರಿಗೆ ನೆಂಟರು, ಇಬ್ಬರಿಗೂ ಒಂದೇ ಹೆಸರು. ಇಷ್ಟು ವರ್ಷಗಳಲ್ಲಿ ನಾವು ಯೋಜಿಸಿ ಮಾಡಿದ ಯಾವ ಔತಣವನ್ನೂ ನಮ್ಮ ಮಕ್ಕಳು ನೆನೆಯುವುದಿಲ್ಲ. ಆ ನಾಲ್ಕು ದಿನದ ಊಟವನ್ನು ಇಂದಿಗೂ ನೆನೆಯುತ್ತಾರೆ.

ಹಾಗೆಂದು ನೆನಪಿನಲ್ಲಿ ಉಳಿಯುವ ಔತಣಕ್ಕೆ ನೆರೆ ಬರಲೆಂದು ಯಾರೂ ಹಾರೈಸುವುದಿಲ್ಲ. ಅಂದು ತಾನಾಗಿ ಆದದ್ದನ್ನು ಯೋಜನೆಯಲ್ಲಿ ಸೇರಿಸಿಕೊಳ್ಳಬಹುದು. ಬಂದವರ ಕೈಗೆ ಕೆಲಸ ಸಿಗಬೇಕು, ಅವರು ತಂದದ್ದು ಎಲೆಯ ಮೇಲೆ ಬರಬೇಕು.

ಮಗಳ ಔತಣವನ್ನು ಹೀಗೆಯೇ ಮಾಡಿದೆವು. ಹೊಡೆದ ಹೆಸರನ್ನು ಮತ್ತೆ ಬರೆದೆವು. ಬಿಸಿಬೇಳೆ ಬಾತು, ಮೊಸರನ್ನ, ಹಪ್ಪಳ ನಮ್ಮದು. ಎರಡೇ ಒಲೆ ಇರುವ ಮನೆಯಲ್ಲಿ ಒಂದೇ ಪಾತ್ರೆಯ ಅಡುಗೆಯೇ ಕ್ಷೇಮ. ಕೋಸಂಬರಿ, ಪಾಯಸ, ಮಜ್ಜಿಗೆ ಬೇರೆಯವರ ಪಾಲು. ಕೊಯಂಬೇಡಿನಿಂದ ಬಾಳೆಲೆ ತಂದದ್ದರಿಂದ ನೀರೂ ಉಳಿಯಿತು. ಚಪ್ಪಲಿಗಳಿಗೆ ಮಹಡಿಯ ಮೇಲೆ ಜಾಗ ಮಾಡಿದೆವು. ಆ ಚಪ್ಪಲಿಗಳಲ್ಲಿ ಕೆಳಮನೆಯವರವೂ ಇದ್ದವು. ಸಹೋದ್ಯೋಗಿಯನ್ನು ಏಳು ಗಂಟೆಯ ಬದಲು ನಾಲ್ಕಕ್ಕೇ ಬನ್ನಿ, ಸೌತೆಕಾಯಿ ಹೆಚ್ಚಬೇಕು, ಕಾಯಿ ತುರಿಯಬೇಕು ಎಂದು ಕರೆದೆವು. ‘ನಿಪ್ಪಟ್ಟು ಇದ್ದರೆ ತನ್ನಿ’ ಎಂದು ಬಾಯಿಬಿಟ್ಟು ಕೇಳಿದೆವು. ಕೇಳುವಾಗ ನಮಗೇ ಸಂಕೋಚವಾಯಿತು. ಕೇಳುವುದು ಕೊಡುವುದಕ್ಕಿಂತ ಕಷ್ಟ. ಅವರು ಮೂರೂವರೆಗೇ ಬಂದರು. ನಿಪ್ಪಟ್ಟು ಎಲೆಯ ತುದಿಗೆ ಬಿತ್ತು, ಎರಡನೆಯ ಸಲ ಕೇಳಿದವರಿಗೆ ಸಾಲಲಿಲ್ಲ. ತಿಂಗಳಾದ ಮೇಲೆ ಅವರು ನಮ್ಮನ್ನು ಮ್ಯಾನ್ಷನ್ನಿಗೆ ಟೀಗೆ ಕರೆದರು. ಮಂಚದ ಮೇಲೆ ಇಬ್ಬರು, ಕುರ್ಚಿಯಲ್ಲಿ ಒಬ್ಬರು, ಉಳಿದವರು ಚಾಪೆಯ ಮೇಲೆ ಕೂತು ಕೆಳಗಿನ ಅಂಗಡಿಯಿಂದ ತರಿಸಿದ ಟೀ ಕುಡಿದೆವು. ಜಾಗ ಸಾಲದೆಂದು ನಾವು ಭಾವಿಸಿದ್ದ ಕೋಣೆ ಅದೇ.

ಇಲ್ಲಿಗೆ ನಿಲ್ಲಿಸಿದರೆ ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡಂತಾದೀತು. ಒಂದು ಮಾತು ಉಳಿದಿದೆ. ಔತಣದ ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯಲು ಬಂದ ಅಮ್ಮ, ರಾಶಿ ಬಿದ್ದ ಪಾತ್ರೆ ನೋಡಿ ‘ನಿನ್ನೆ ಏನು ವಿಶೇಷ?’ ಎಂದು ಕೇಳಿದರು. ಏಳು ವರ್ಷದಿಂದ ನಮ್ಮ ಮನೆಯಲ್ಲಿ ಕೆಲಸ ಮಾಡುವವರು. ಮಗಳನ್ನು ಶಾಲೆಯ ವ್ಯಾನಿಗೆ ಹತ್ತಿಸಿದವರು. ಉಳಿದ ಬಾತನ್ನು ಒಂದು ಡಬ್ಬಿಗೆ ಹಾಕಿ ಕೊಟ್ಟೆವು, ಎಂದಿನಂತೆ. ಮಾರನೆಯ ದಿನ ಡಬ್ಬಿ ಹಿಂದಿರುಗಿತು. ಖಾಲಿ ಡಬ್ಬಿ ಕೊಡಬಾರದೆಂದು ಅದರಲ್ಲಿ ಅವರ ಮನೆಯ ಹತ್ತಿರದ ಮರದ ನುಗ್ಗೆಸೊಪ್ಪು ಇತ್ತು. ಆ ರಾತ್ರಿಯೇ ಅದನ್ನು ಹುಳಿಗೆ ಹಾಕಿದೆವು, ಫ್ರಿಜ್ಜಿನ ಮೇಲೆ ಇಡಲಿಲ್ಲ. ಆದರೆ ನೋಟ್‌ಬುಕ್ಕು ತಿರುವಿ ನೋಡಿದಾಗ, ಅವರ ಹೆಸರಿನ ಮುಂದೆ ಖಾಲಿ ಕಾಲಂ ಕೂಡ ಇರಲಿಲ್ಲ. ಹೆಸರೇ ಇರಲಿಲ್ಲ.

ಬರುವ ಯುಗಾದಿಗೆ ಕರೆಯಬೇಕೆಂದಿದ್ದೇವೆ. ಕರೆದರೆ ಅವರು ಬಂದಾರೆ? ಬಂದರೆ ನಮ್ಮ ನೆಂಟರ ಪಂಕ್ತಿಯಲ್ಲಿ ಕೂತಾರೆ, ಇಲ್ಲವೆ ಸೀದಾ ಹಿತ್ತಿಲಿಗೆ ಹೋಗಿ ಪಾತ್ರೆ ಹಿಡಿದಾರೆ? ಅವರು ಕೂತರೆ, ನಮ್ಮ ನೆಂಟರೆಲ್ಲ ಕೂತಲ್ಲೇ ಇದ್ದಾರೆಯೆ? ಅಂದಿನ ಪಾತ್ರೆ ಯಾರು ತೊಳೆಯುತ್ತಾರೆ? ಇವುಗಳಲ್ಲಿ ಕೊನೆಯ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಉತ್ತರವಿದೆ. ನಾವು ತೊಳೆಯುತ್ತೇವೆ. ಉಳಿದವಕ್ಕೆ ಉತ್ತರ ಕಂಡವರು ಈ ಪತ್ರಿಕೆಯ ಓದುಗರಲ್ಲಿ ಯಾರಾದರೂ ಇದ್ದರೆ ಬರೆದು ತಿಳಿಸಬೇಕು. ಅಥವಾ ಒಂದು ಸಂಜೆ ನಮ್ಮ ಮನೆಗೆ ಬಂದು ಹೇಳಿದರೆ ಇನ್ನೂ ಸಂತೋಷ. ಬರುವಾಗ ಏನಾದರೂ ತನ್ನಿ.